ಆಕೃತಿ ಮೂಡಿದರೆ ಸಾಕೆ? ಸಾಲಿಡ್ ಮಾಡೆಲಿಂಗ್ ಕಲಿಕೆಯ ಸಮೀಕ್ಷೆ

ಯಂತ್ರದ ಬಿಡಿಭಾಗವೊಂದನ್ನು ಕಂಪ್ಯೂಟರಿನಲ್ಲಿ ಘನಾಕೃತಿಯಾಗಿ ಕಟ್ಟುವ ವಿದ್ಯೆಯನ್ನು ಕಲಿಸುವ ಜಾಗಗಳಿಗೆ ಕರ್ನಾಟಕದಲ್ಲಿ ಕೊರತೆಯಿಲ್ಲ. ಇಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್, ಜಿಟಿಟಿಸಿ, ಎನ್‌ಟಿಟಿಎಫ್‌ಗಳಲ್ಲಿ ಅದು ಪಾಠದ ಭಾಗ; ಬಸ್ ನಿಲ್ದಾಣದ ಎದುರಿನ ಮಹಡಿಗಳಲ್ಲಿ ಅದೇ ಸರ್ಟಿಫಿಕೇಟ್ ಕೋರ್ಸು. ಕಲಿಸುವ ಕ್ರಮವೂ ಬಹುಮಟ್ಟಿಗೆ ಒಂದೇ. ಮೊದಲು ಸ್ಕೆಚ್, ಆಮೇಲೆ ಎಕ್ಸ್‌ಟ್ರೂಡ್, ರಿವಾಲ್ವ್, ಸ್ವೀಪ್, ಲಾಫ್ಟ್, ನಂತರ ಫಿಲೆಟ್, ಶೆಲ್, ಪ್ಯಾಟರ್ನ್. ಕಮಾಂಡಿಗೊಂದು ಅಭ್ಯಾಸ, ಕೊನೆಗೆ ಒಂದು ಡ್ರಾಯಿಂಗ್ ಕೊಟ್ಟು ಅದರಂತೆಯೇ ಮಾದರಿ ಕಟ್ಟಿಸುವ ಪರೀಕ್ಷೆ. ತೆರೆಯ ಮೇಲಿನ ಆಕೃತಿ ಡ್ರಾಯಿಂಗಿಗೆ ತಾಳೆಯಾದರೆ ಅಂಕ ಸಿಕ್ಕಿತು. ಈ ಕ್ರಮ ಮುಖ್ಯವಾದದ್ದನ್ನೇ ಅಳೆಯದೆ ಬಿಡುತ್ತದೆ ಎಂಬುದು ನನ್ನ ವಾದ. ಸಾಲಿಡ್ ಮಾಡೆಲಿಂಗ್‌ನ ಮೂಲ ಉಪಕರಣಗಳು ಎಣಿಕೆಗೆ ಸಿಗುವಷ್ಟೇ ಇವೆ, ಅವುಗಳ ಗುಂಡಿ ಒತ್ತುವುದು ವಾರದಲ್ಲಿ ಬರುತ್ತದೆ. ಆದರೆ ಆ ಉಪಕರಣಗಳನ್ನು ಹೀಗೆಯೇ ರೂಪಿಸಿದ್ದಕ್ಕೆ ಕಾರಣ, ವಿನ್ಯಾಸವೆಂಬುದು ಮತ್ತೆಮತ್ತೆ ಬದಲಾಗುತ್ತದೆ ಎಂಬ ಅರಿವು. ಹಾಗಾಗಿ ಕಲಿತವರಿಗೂ ಕಲಿಯದವರಿಗೂ ಇರುವ ಅಂತರ ಮಾದರಿ ಮುಗಿದ ಗಳಿಗೆಯಲ್ಲಿ ಕಾಣುವುದೇ ಇಲ್ಲ. ಆ ಮಾದರಿಯ ಒಂದು ಅಳತೆಯನ್ನು ತಿದ್ದಿದಾಗ ಕಾಣುತ್ತದೆ.

ಈ ವಾದದ ಅರ್ಧ ಪುರಾವೆ ಇತಿಹಾಸದಲ್ಲೇ ಇದೆ. ಘನವಸ್ತುವನ್ನು ಚಪ್ಪಟೆ ಹಾಳೆಗೆ ಇಳಿಸುವ ಶಾಸ್ತ್ರವನ್ನು ಕ್ರಮಬದ್ಧಗೊಳಿಸಿದವನು ಫ್ರಾನ್ಸಿನ ಗಾಸ್ಪಾರ್ ಮಾಂಜ್. ಮೆಜಿಯೇರ್‌ನ ಸೇನಾ ಇಂಜಿನಿಯರಿಂಗ್ ಶಾಲೆಯಲ್ಲಿ ಅವನು ಬೆಳೆಸಿದ ವಿಧಾನವನ್ನು ಬಹುಕಾಲ ಸೈನಿಕ ರಹಸ್ಯವಾಗಿ ಇಡಲಾಗಿತ್ತು. 1795ರ ಉಪನ್ಯಾಸಗಳಲ್ಲಿ ಅದು ಬಹಿರಂಗವಾಗಿ, 1799ರಲ್ಲಿ ಪುಸ್ತಕವಾಯಿತು. ಎದುರುನೋಟ, ಮೇಲುನೋಟ, ಪಕ್ಕದ ನೋಟ ಎಂದು ನಾವು ಇಂದಿಗೂ ಬರೆಯುವುದು ಅವನ ದಾರಿಯಲ್ಲೇ. ಆದರೆ ಹಾಳೆಯ ಮೇಲಿನ ಗೆರೆಗೆ ತಾನು ಏನೆಂದು ಗೊತ್ತಿರುವುದಿಲ್ಲ. ಒಂದು ನೋಟದಲ್ಲಿ ಅಳತೆ ತಿದ್ದಿದರೆ ಉಳಿದೆರಡನ್ನು ಡ್ರಾಫ್ಟ್ಸ್‌ಮನ್ ನೆನಪಿಟ್ಟು ತಿದ್ದಬೇಕು. 1963ರಲ್ಲಿ ಎಂಐಟಿಯ ಸಂಶೋಧಕ ಐವಾನ್ ಸದರ್‌ಲೆಂಡ್ ತನ್ನ ಪಿಎಚ್‌ಡಿಗಾಗಿ ಟಿಎಕ್ಸ್-2 ಕಂಪ್ಯೂಟರಿನಲ್ಲಿ ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಂ ರಚಿಸಿದಾಗ ಜನ ಬೆರಗಾದದ್ದು ತೆರೆಯ ಮೇಲೆ ಲೈಟ್ ಪೆನ್ನಿನಿಂದ ಗೆರೆ ಎಳೆಯಬಹುದು ಎಂಬುದಕ್ಕೆ. ನಿಜವಾದ ಹೊಸತನ ಬೇರೆಡೆ ಇತ್ತು. ಈ ಎರಡು ಗೆರೆ ಸಮಾಂತರವಾಗಿರಲಿ, ಈ ಎರಡು ಸಮ ಉದ್ದ ಇರಲಿ ಎಂದು ಅವನು ಯಂತ್ರಕ್ಕೆ ಹೇಳಬಹುದಿತ್ತು, ಯಂತ್ರ ಆ ಮಾತನ್ನು ಉಳಿಸಿಕೊಳ್ಳುತ್ತಿತ್ತು. ಒಂದು ಮೂಲ ಚಿತ್ರ ಬರೆದು ಅದರ ಹತ್ತಾರು ಪ್ರತಿ ಇಟ್ಟರೆ, ಮೂಲವನ್ನು ತಿದ್ದಿದೊಡನೆ ಪ್ರತಿಗಳೆಲ್ಲ ತಿದ್ದಿಕೊಳ್ಳುತ್ತಿದ್ದವು. ಕ್ಯಾಡ್, ಅಂದರೆ ಕಂಪ್ಯೂಟರ್ ನೆರವಿನ ವಿನ್ಯಾಸ, ಹುಟ್ಟಿದ್ದೇ ಬದಲಾವಣೆಯನ್ನು ನಿಭಾಯಿಸುವ ಸಾಧನವಾಗಿ. ಅದು ಎಲೆಕ್ಟ್ರಾನಿಕ್ ಡ್ರಾಯಿಂಗ್ ಬೋರ್ಡ್ ಎಂಬ ಭಾವನೆ ಗಟ್ಟಿಯಾದದ್ದು ಬಹಳ ತಡವಾಗಿ, 1982ರ ಕೊನೆಗೆ ಆಟೋಕ್ಯಾಡ್ ಬಂದು ಸಾಮಾನ್ಯ ಪಿಸಿಗಳನ್ನು ಆವರಿಸಿದ ಮೇಲೆ.

ಗೆರೆಗಳಿಂದ ಘನಕ್ಕೆ ಬಂದ ದಾರಿ ಇನ್ನೂ ಕುತೂಹಲದ್ದು. ಆರಂಭದ ಮೂರು ಆಯಾಮದ ಮಾದರಿಗಳು ತಂತಿಯ ಚೌಕಟ್ಟುಗಳಾಗಿದ್ದವು. ಒಂದು ಘನಚೌಕದ 12 ಅಂಚುಗಳನ್ನಷ್ಟೇ ಬರೆದರೆ ಅದು ಗಟ್ಟಿ ಕಬ್ಬಿಣವೋ, ಟೊಳ್ಳು ತಗಡಿನ ಡಬ್ಬಿಯೋ, ಎರಡು ಬದಿ ತೆರೆದ ಕೊಳವೆಯೋ ಎಂದು ಯಂತ್ರಕ್ಕೆ ತಿಳಿಯದು. ತೂಕ ಎಷ್ಟೆಂದು ಕೇಳಿದರೆ ಉತ್ತರವಿಲ್ಲ. 1970ರ ದಶಕದಲ್ಲಿ ಇದಕ್ಕೆ ಎರಡು ಬಗೆಯ ಉತ್ತರಗಳು ಬಂದವು. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಹರ್ಬರ್ಟ್ ವೋಲ್ಕರ್ ಮತ್ತು ಅರಿಸ್ಟೀಡ್ಸ್ ರೆಕ್ವಿಚಾ ಅವರ ತಂಡ ಘನವಸ್ತುವನ್ನು ಇಟ್ಟಿಗೆ, ಉರುಳೆ ಮುಂತಾದ ಸರಳ ಆಕಾರಗಳ ಕೂಡುವಿಕೆ, ಕಳೆಯುವಿಕೆ, ಛೇದನಗಳ ಲೆಕ್ಕವಾಗಿ ಬರೆದಿಟ್ಟಿತು. ಇತ್ತ ಕೇಂಬ್ರಿಜ್‌ನಲ್ಲಿ ಇಯಾನ್ ಬ್ರೇಡ್, ಅತ್ತ ಸ್ಟ್ಯಾನ್‌ಫರ್ಡ್‌ನಲ್ಲಿ ಬ್ರೂಸ್ ಬೌಮ್‌ಗಾರ್ಟ್, ವಸ್ತುವನ್ನು ಅದರ ಹೊರಮೈಯ ಮುಖ, ಅಂಚು, ಶೃಂಗಗಳ ಸಂಬಂಧದ ಪಟ್ಟಿಯಾಗಿ ಹಿಡಿದರು. ಘನಚೌಕದ 8 ಶೃಂಗದಿಂದ 12 ಅಂಚು ಕಳೆದು 6 ಮುಖ ಕೂಡಿದರೆ 2 ಬರುತ್ತದೆ ಎಂಬ ಆಯ್ಲರನ ಹಳೆಯ ಸೂತ್ರ, ಆ ಪಟ್ಟಿ ಸರಿಯಿದೆಯೇ ಎಂದು ನೋಡುವ ಒರೆಗಲ್ಲಾಯಿತು. 1980ರಲ್ಲಿ ರೆಕ್ವಿಚಾ ಈ ಎಲ್ಲ ವಿಧಾನಗಳನ್ನು ಒಂದೇ ಗಣಿತದ ಚೌಕಟ್ಟಿನಲ್ಲಿಟ್ಟು ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದ ಅಡಿಪಾಯವೆನಿಸಿತು. ಕೇಂಬ್ರಿಜ್‌ನ ಧಾರೆ ಮುಂದೆ ಪ್ಯಾರಾಸಾಲಿಡ್ ಎಂಬ ಕರ್ನಲ್ ಆಗಿ ಬೆಳೆಯಿತು. ಇಂದು ಸಾಲಿಡ್‌ವರ್ಕ್ಸ್, ಸಾಲಿಡ್ ಎಡ್ಜ್, ಎನ್‌ಎಕ್ಸ್, ಆನ್‌ಶೇಪ್ ನಾಲ್ಕರ ಒಳಗೂ ಕೂತು ಲೆಕ್ಕ ಮಾಡುತ್ತಿರುವುದು ಅದೇ. ಯಾವ ಸಾಫ್ಟ್‌ವೇರ್ ಕಲಿಯಬೇಕೆಂದು ತಿಂಗಳುಗಟ್ಟಲೆ ಚಿಂತಿಸುವವರು ಈ ಸಂಗತಿಯನ್ನು ಒಮ್ಮೆ ನೆನೆಯಬಹುದು: ಬೇರೆಬೇರೆ ಬಣ್ಣದ ಐಕಾನ್‌ಗಳ ಹಿಂದೆ ಯಂತ್ರ ಒಂದೇ.

ಮೂಲ ಉಪಕರಣಗಳು ಏಕಿಷ್ಟು ಕಡಿಮೆ ಎಂಬುದೂ ಇಲ್ಲಿ ಅರ್ಥವಾಗುತ್ತದೆ. ಒಂದು ಚಪ್ಪಟೆ ಆಕಾರವನ್ನು ಯಾವುದೋ ದಾರಿಯಲ್ಲಿ ಸಾಗಿಸಿದರೆ ಅದು ಹಾದುಹೋದ ಜಾಗವೆಲ್ಲ ಘನವಾಗುತ್ತದೆ. ಚಕ್ಕುಲಿ ಒರಳಿನ ಬಿಲ್ಲೆಯ ತೂತು ಹೇಗಿದೆಯೋ ಹಿಟ್ಟಿನ ಎಳೆ ಹಾಗೆ ಬರುವಂತೆ. ದಾರಿ ನೇರವಾಗಿದ್ದರೆ ಎಕ್ಸ್‌ಟ್ರೂಡ್, ಅಕ್ಷದ ಸುತ್ತ ತಿರುಗಿದರೆ ರಿವಾಲ್ವ್, ವಕ್ರವಾಗಿದ್ದರೆ ಸ್ವೀಪ್, ದಾರಿಯುದ್ದಕ್ಕೂ ಆಕಾರವೇ ಬದಲಾಗುತ್ತ ಹೋದರೆ ಲಾಫ್ಟ್. ಹೀಗೆ ಹುಟ್ಟಿದ ಘನಗಳನ್ನು ಕೂಡುವುದು, ಕಳೆಯುವುದು, ಛೇದಿಸುವುದು ಎರಡನೆಯ ಗುಂಪು. ಅಂಚನ್ನು ದುಂಡಾಗಿಸುವ ಫಿಲೆಟ್, ಓರೆಯಾಗಿಸುವ ಚ್ಯಾಂಫರ್, ಒಳಗನ್ನು ಬರಿದು ಮಾಡುವ ಶೆಲ್, ಎರಕದ ಅಚ್ಚಿನಿಂದ ಬಿಡಿಸಿಕೊಳ್ಳಲು ಇಳಿಜಾರು ಕೊಡುವ ಡ್ರಾಫ್ಟ್ ಮೂರನೆಯದು. ಪುನರಾವರ್ತನೆಗೆ ಪ್ಯಾಟರ್ನ್, ಮಿರರ್. ಇಷ್ಟರಲ್ಲೇ ಪೀಣ್ಯದ ವರ್ಕ್‌ಶಾಪ್‌ಗಳಲ್ಲಿ ತಯಾರಾಗುವ ಬಿಡಿಭಾಗಗಳ ಬಹುಪಾಲನ್ನು ಕಟ್ಟಬಹುದು, ಏಕೆಂದರೆ ಲೇಥು ಮಾಡುವುದು ರಿವಾಲ್ವ್, ಡ್ರಿಲ್ಲಿಂಗ್ ಮತ್ತು ಮಿಲ್ಲಿಂಗ್ ಮಾಡುವುದು ಕಳೆಯುವಿಕೆ. ಕಲಿಯುವವರನ್ನು ಕಾಡುವ ಎಷ್ಟೋ ದೋಷಸಂದೇಶಗಳೂ ಈ ಗಣಿತದಿಂದಲೇ ಬಂದವು. ಒಂದು ಪಟ್ಟಿಯ ಅಂಚಿಗೆ ಸರಿಯಾಗಿ ತಾಗುವಂತೆ ವೃತ್ತ ಬರೆದು ತೂತು ಕೊರೆಯಲು ಹೋದರೆ ಸಾಲಿಡ್‌ವರ್ಕ್ಸ್ ‘ಶೂನ್ಯ ದಪ್ಪ’ ಎಂದು ನಿರಾಕರಿಸುತ್ತದೆ. ತೂತಿಗೂ ಅಂಚಿಗೂ ನಡುವೆ ಉಳಿಯುವ ಲೋಹಕ್ಕೆ ಒಂದು ಗೆರೆಯಲ್ಲಿ ದಪ್ಪವೇ ಇಲ್ಲ. ಪ್ರತಿ ಅಂಚಿನಲ್ಲೂ ಎರಡೇ ಮುಖಗಳು ಕೂಡಬೇಕು ಎಂಬ ಹೊರಮೈ ಪಟ್ಟಿಯ ನಿಯಮ ಅಲ್ಲಿ ಮುರಿಯುತ್ತದೆ. ತರಗತಿಯಲ್ಲಿ ಇದನ್ನು ಎರಡು ನಿಮಿಷ ವಿವರಿಸಿದರೆ ವಿದ್ಯಾರ್ಥಿ ಅಳತೆಯನ್ನು 0.01 ಮಿ.ಮೀ. ಸರಿಸಿ ದೋಷವನ್ನು ಮರೆಮಾಚುವ ಚಾಳಿಗೆ ಬೀಳುವುದಿಲ್ಲ.

ಇಷ್ಟೇ ಆಗಿದ್ದರೆ ಕಮಾಂಡ್ ಕಲಿಸಿ ಕೈತೊಳೆದುಕೊಳ್ಳಬಹುದಿತ್ತು. ಆದರೆ 1985ರಲ್ಲಿ ಸ್ಯಾಮ್ಯುಯೆಲ್ ಗೈಸ್‌ಬರ್ಗ್ ಸ್ಥಾಪಿಸಿದ ಪಿಟಿಸಿ ಕಂಪನಿ, ಆ ದಶಕದ ಕೊನೆಗೆ ತಂದ ಪ್ರೊ-ಇಂಜಿನಿಯರ್ ಸಾಫ್ಟ್‌ವೇರ್‌ನಲ್ಲಿ ಸದರ್‌ಲೆಂಡ್‌ನ ಸಂಬಂಧಗಳನ್ನೂ ಕೇಂಬ್ರಿಜ್‌ನ ಘನಗಳನ್ನೂ ಬೆಸೆಯಿತು. ಮಾದರಿಯೆಂದರೆ ಅಂತಿಮ ಆಕೃತಿ ಎಂಬುದು ಹೋಗಿ, ಆ ಆಕೃತಿಗೆ ಬಂದ ಹೆಜ್ಜೆಗಳ ಸರಣಿ ಎಂದಾಯಿತು. ಮೊದಲ ಹೆಜ್ಜೆಯ ಅಳತೆ ತಿದ್ದಿದರೆ ಉಳಿದ ಹೆಜ್ಜೆಗಳನ್ನು ಕಂಪ್ಯೂಟರ್ ಮತ್ತೆ ನಡೆಸಿ ಹೊಸ ಆಕೃತಿ ಕೊಡುತ್ತದೆ. 1995ರಲ್ಲಿ ಸಾಲಿಡ್‌ವರ್ಕ್ಸ್ ಇದನ್ನೇ ವಿಂಡೋಸ್ ಪಿಸಿಗೆ ಇಳಿಸಿದ ಮೇಲೆ ದುಬಾರಿ ವರ್ಕ್‌ಸ್ಟೇಷನ್ ಇಲ್ಲದವರಿಗೂ ಇದು ದಕ್ಕಿತು. ಇಂದಿನ ವಿದ್ಯಾರ್ಥಿ ತೆರೆಯ ಎಡಬದಿಯಲ್ಲಿ ನೋಡುವ ಫೀಚರ್ ಟ್ರೀ ಅದೇ ಸರಣಿ. ಹೀಗಾಗಿ ಕ್ಯಾಡ್‌ನಲ್ಲಿ ಮಾದರಿ ಕಟ್ಟುವವರು ಅರಿವಿದ್ದೋ ಇಲ್ಲದೆಯೋ ಒಂದು ಪ್ರೋಗ್ರಾಂ ಬರೆಯುತ್ತಿರುತ್ತಾರೆ. ಆ ಪ್ರೋಗ್ರಾಂ ಸರಿಯಿದೆಯೇ ಎಂದು ತಿಳಿಯಲು ಒಂದೇ ಒಂದು ಸಲದ ಫಲಿತಾಂಶ ನೋಡುವುದು ಸಾಲದು.

ಸಣ್ಣದೊಂದು ಆಯತದಿಂದಲೇ ಇದನ್ನು ನೋಡಬಹುದು. ನಾಲ್ಕು ಮೂಲೆ, ಅಡ್ಡಕ್ಕೊಂದು ಲಂಬಕ್ಕೊಂದು ಎಂದು ಮೂಲೆಗೆ ಎರಡರಂತೆ ಸರಿದಾಡಲು 8 ಸ್ವಾತಂತ್ರ್ಯ. ನಾಲ್ಕು ಬದಿಗಳು ಅಡ್ಡ ಅಥವಾ ಲಂಬ ಎಂದು ಹೇಳಿದರೆ 4 ಹೋಯಿತು, ಉದ್ದ ಅಗಲ ಕೊಟ್ಟರೆ ಇನ್ನೆರಡು, ಮೂಲಬಿಂದುವಿಗೆ ಕಟ್ಟಿದರೆ ಉಳಿದ ಎರಡು. ಆಗ ಸಾಲಿಡ್‌ವರ್ಕ್ಸ್‌ನಲ್ಲಿ ನೀಲಿ ಗೆರೆ ಕಪ್ಪಾಗುತ್ತದೆ, ಫ್ರೀಕ್ಯಾಡ್‌ನಲ್ಲಿ ಬಿಳಿ ಗೆರೆ ಹಸಿರಾಗುತ್ತದೆ. ಬಣ್ಣ ಬದಲಾದರೆ ಸ್ಕೆಚ್ ಪೂರ್ಣವಾಯಿತು ಎಂದು ಕಲಿಸುತ್ತಾರೆ, ತಪ್ಪೇನಿಲ್ಲ. ಆದರೆ 8 ಸ್ವಾತಂತ್ರ್ಯಗಳನ್ನು ಕಟ್ಟಲು ಹಲವು ದಾರಿಗಳಿವೆ, ಎಲ್ಲದರಲ್ಲೂ ಬಣ್ಣ ಒಂದೇ. ಮಷಿನ್ ಡ್ರಾಯಿಂಗ್ ಓದಿದ ಎಲ್ಲರಿಗೂ ಪರಿಚಿತವಾದ, ತಿರುಗುವ ಶಾಫ್ಟಿಗೆ ಆಧಾರವಾಗುವ ಪ್ಲಮ್ಮರ್ ಬ್ಲಾಕ್ ತೆಗೆದುಕೊಳ್ಳಿ. ತಳಪಟ್ಟಿಯ ಉದ್ದ 200 ಮಿ.ಮೀ., ಬೋಲ್ಟಿನ ತೂತುಗಳು ಎರಡೂ ತುದಿಯಿಂದ 30 ಮಿ.ಮೀ. ದೂರದಲ್ಲಿ. ಒಬ್ಬ ವಿದ್ಯಾರ್ಥಿ ಎಡತುದಿಯಿಂದ 30 ಮತ್ತು 170 ಎಂದು ಅಳತೆ ಕೊಟ್ಟ. ಇನ್ನೊಬ್ಬಳು ನಡುಗೆರೆಯ ಎರಡು ಕಡೆ ತೂತುಗಳು ಸಮನಾಗಿರಲಿ, ತುದಿಯಿಂದ 30 ಇರಲಿ ಎಂದಳು. ತೆರೆಯ ಮೇಲೆ ಎರಡೂ ಒಂದೇ, ಅಂಕವೂ ಒಂದೇ. ಈಗ ಉದ್ದವನ್ನು 240 ಮಾಡಿ. ಅವನ ಬಲತೂತು 170ರಲ್ಲೇ ಉಳಿದು ಬಲತುದಿಯಿಂದ 70 ಮಿ.ಮೀ. ಒಳಗೆ ಸಿಕ್ಕಿಬೀಳುತ್ತದೆ. ಅವಳದು ತಾನಾಗಿ ಸರಿಯುತ್ತದೆ. ಇಬ್ಬರಿಗೂ ಕಮಾಂಡುಗಳು ಸಮನಾಗಿ ಗೊತ್ತಿದ್ದವು. ತೂತು ಅಲ್ಲೇಕಿದೆ ಎಂಬುದು ಒಬ್ಬರಿಗಷ್ಟೇ ಗೊತ್ತಿತ್ತು.

ಹೆಜ್ಜೆಗಳ ಕ್ರಮದ ವಿಚಾರ ಇನ್ನೂ ಗಂಭೀರ, ಏಕೆಂದರೆ ಅಲ್ಲಿ ಬದಲಾವಣೆಗೂ ಮೊದಲೇ ವಸ್ತು ಕೆಡಬಹುದು. 2 ಮಿ.ಮೀ. ದಪ್ಪದ ಗೋಡೆಯಿರುವ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕಟ್ಟಬೇಕು, ಹೊರಮೂಲೆಗಳಿಗೆ 5 ಮಿ.ಮೀ. ತ್ರಿಜ್ಯದ ಫಿಲೆಟ್ ಬೇಕು. ಮೊದಲು ಫಿಲೆಟ್, ಆಮೇಲೆ ಶೆಲ್ ಮಾಡಿದರೆ ಒಳಮೂಲೆ ತಾನಾಗಿ 3 ಮಿ.ಮೀ. ತ್ರಿಜ್ಯ ಪಡೆದು ಗೋಡೆ ಎಲ್ಲೆಡೆ 2 ಮಿ.ಮೀ. ಉಳಿಯುತ್ತದೆ. ಮೊದಲು ಶೆಲ್ ಮಾಡಿ ಆಮೇಲೆ ಹೊರಗಷ್ಟೇ ಫಿಲೆಟ್ ಕೊಟ್ಟರೆ ಒಳಮೂಲೆ ಚೂಪಾಗಿಯೇ ಇರುತ್ತದೆ. ಫಿಲೆಟ್ಟಿನ ಕೇಂದ್ರದಿಂದ ಆ ಚೂಪು ಮೂಲೆಗೆ ಇರುವ ದೂರ 3 ಗುಣಿಸು 2ರ ವರ್ಗಮೂಲ, ಅಂದರೆ ಸುಮಾರು 4.24 ಮಿ.ಮೀ.; 5ರಿಂದ ಅದನ್ನು ಕಳೆದರೆ ಮೂಲೆಯಲ್ಲಿ ಗೋಡೆ ಉಳಿಯುವುದು 0.76 ಮಿ.ಮೀ. ಮಾತ್ರ. ತ್ರಿಜ್ಯವನ್ನು 7ಕ್ಕೆ ಏರಿಸಿದರೆ ಒಳಮೂಲೆ ಕೇಂದ್ರದಿಂದ 7.07 ಮಿ.ಮೀ. ದೂರ ಬೀಳುತ್ತದೆ, ಹೊರಗಿನ ದುಂಡು 7ಕ್ಕೇ ಮುಗಿಯುತ್ತದೆ, ಮೂಲೆ ತೂತಾಗುತ್ತದೆ. ಹೊರಗಿನಿಂದ ನೋಡಿದರೆ 5ರ ಡಬ್ಬಿ ಎರಡೂ ಕ್ರಮದಲ್ಲಿ ಒಂದೇ ರೀತಿ ಕಾಣುತ್ತದೆ. ಮೋಲ್ಡಿಂಗ್‌ನಲ್ಲಿ ತೆಳು ಮೂಲೆ ಬೇಗ ತಣಿಯುತ್ತದೆ, ಚೂಪು ಒಳಮೂಲೆಯಲ್ಲಿ ಒತ್ತಡ ಕೂಡಿಕೊಂಡು ಬಿರುಕಿಗೆ ದಾರಿಯಾಗುತ್ತದೆ. ಒಳಗೂ ಪ್ರತ್ಯೇಕವಾಗಿ 3 ಮಿ.ಮೀ. ಫಿಲೆಟ್ ಹಾಕಿದರೆ ಆಗದೇ ಎನ್ನಬಹುದು. ಆಗುತ್ತದೆ, ಆದರೆ ಗೋಡೆಯ ದಪ್ಪ ತಿದ್ದಿದಾಗಲೆಲ್ಲ ಆ 3ನ್ನೂ ನೆನಪಿಟ್ಟು ತಿದ್ದಬೇಕು. ಮಾಂಜ್‌ನ ಕಾಲದ ಡ್ರಾಫ್ಟ್ಸ್‌ಮನ್ನಿನ ಪಾಡೇ ಮರಳಿ ಬಂದಂತಾಯಿತು.

ಮೂರನೆಯ ತೊಡಕು ಆಧಾರದ್ದು. ಒಂದು ಸ್ಕೆಚ್ಚನ್ನು ಯಾವುದರ ಮೇಲೆ ಕೂರಿಸಿದ್ದೇವೆ, ಒಂದು ಅಳತೆಯನ್ನು ಯಾವ ಅಂಚಿನಿಂದ ಹಿಡಿದಿದ್ದೇವೆ ಎಂಬುದರಿಂದ ಹೆಜ್ಜೆಗಳ ನಡುವೆ ತಾಯಿ-ಮಗುವಿನ ನಂಟು ಬೆಳೆಯುತ್ತದೆ. ದುಂಡಾಗಿಸಿದ ಅಂಚಿನಿಂದ ಅಳತೆ ಹಿಡಿದವರು ಆ ಫಿಲೆಟ್ಟನ್ನು ಅಳಿಸಿದರೆ ತೂತು ಅನಾಥವಾಗುತ್ತದೆ, ಟ್ರೀಯಲ್ಲಿ ಕೆಂಪು ಗುರುತು ಮೂಡುತ್ತದೆ. ಇದಕ್ಕಿಂತ ಕೆಟ್ಟದ್ದೂ ಇದೆ: ಸದ್ದಿಲ್ಲದೆ ತೂತು ಬೇರೆ ಮುಖಕ್ಕೆ ಹಾರುವುದು. ಮುಖ, ಅಂಚುಗಳಿಗೆ ಸಾಫ್ಟ್‌ವೇರ್ ತಾನೇ ಕೊಟ್ಟುಕೊಂಡ ಹೆಸರುಗಳು ಮುಂಚಿನ ಹೆಜ್ಜೆ ತಿದ್ದಿದಾಗ ಅದಲುಬದಲಾಗುವುದೇ ಇದಕ್ಕೆ ಕಾರಣ. 1990ರ ದಶಕದಿಂದ ಸಂಶೋಧಕರು ಇದರ ಬೆನ್ನು ಹತ್ತಿದ್ದಾರೆ. ಮುಕ್ತ ತಂತ್ರಾಂಶವಾದ ಫ್ರೀಕ್ಯಾಡ್ ಈ ಕಾಯಿಲೆಗೆ ಕುಖ್ಯಾತವಾಗಿತ್ತು. 2024ರ ನವೆಂಬರಿನಲ್ಲಿ ಬಂದ ಅದರ 1.0 ಆವೃತ್ತಿ ಬಹುಮಟ್ಟಿಗೆ ಇದನ್ನು ತಗ್ಗಿಸಿತು. ದುಬಾರಿ ಸಾಫ್ಟ್‌ವೇರ್‌ಗಳೂ ಪೂರ್ತಿ ಪಾರಾಗಿಲ್ಲ. ಹೀಗಾಗಿ ಸ್ಕೆಚ್ಚುಗಳನ್ನು ಸಾಧ್ಯವಾದಷ್ಟು ಮೂಲ ಸಮತಲಗಳಿಗೇ ಕಟ್ಟು, ಫಿಲೆಟ್ಟುಗಳನ್ನು ಕೊನೆಗಿಡು (ಶೆಲ್‌ಗೆ ಮುಂಚೆ ಬೇಕಾದವನ್ನು ಬಿಟ್ಟು) ಎಂಬ ರೂಢಿಯ ಮಾತುಗಳು ಹುಟ್ಟಿದವು. ಅವು ಬರೀ ರೂಢಿಯಲ್ಲ ಎಂಬುದಕ್ಕೆ ಅಧ್ಯಯನವೂ ಇದೆ. ಕಾಂಬಾ, ಕಾಂಟೆರೊ ಮತ್ತು ಕಂಪನಿ ಎಂಬ ಮೂವರು ಸಂಶೋಧಕರು 2016ರಲ್ಲಿ ಮಾದರಿ ಕಟ್ಟುವ ಮೂರು ಕ್ರಮಬದ್ಧ ತಂತ್ರಗಳನ್ನು ಹೋಲಿಸಿ ನೋಡಿದರು. ಕ್ರಮವಿಲ್ಲದೆ ಕಟ್ಟಿದ ಮಾದರಿಗಳಿಗಿಂತ ಕ್ರಮಬದ್ಧವಾದವು ಮರುಬಳಕೆಗೆ ಒದಗಿದವು. ಆದರೆ ಎಲ್ಲ ಹೆಜ್ಜೆಗಳನ್ನೂ ಪರಸ್ಪರ ನಂಟಿಲ್ಲದಂತೆ ಬೇರೆಬೇರೆ ಇಡಬೇಕೆನ್ನುವ ಒಂದು ತಂತ್ರ ಹಲವೆಡೆ ಅನಿರೀಕ್ಷಿತ ತೊಂದರೆ ಕೊಟ್ಟಿತು. ನಂಟುಗಳೇ ಬೇಡವೆನ್ನುವುದು ಪರಿಹಾರವಲ್ಲ, ಬೇಕಾದ ನಂಟನ್ನು ಆರಿಸಬೇಕು ಎಂದು ನಾನು ಇದನ್ನು ಓದುತ್ತೇನೆ.

ಕಲಿಕೆಯ ಕುರಿತ ಅಧ್ಯಯನಗಳೂ ಇದೇ ಕಡೆಗೆ ವಾಲುತ್ತವೆ. ಆಸ್ಟ್ರೇಲಿಯಾದ ಇವಾನ್ ಚೆಸ್ಟರ್ 2007ರ ಪ್ರಬಂಧದಲ್ಲಿ ಕಮಾಂಡಿನ ಜ್ಞಾನ ಮತ್ತು ತಂತ್ರದ ಜ್ಞಾನ ಎಂಬ ಎರಡನ್ನು ಬೇರ್ಪಡಿಸಿ, ಕ್ಯಾಡ್ ಪಾಠಗಳು ಮೊದಲನೆಯದರಲ್ಲೇ ಮುಳುಗಿರುವುದನ್ನು ಚರ್ಚಿಸಿದರು. ಅದಕ್ಕೂ ಮೊದಲು ಕಾರ್ನೆಗಿ ಮೆಲನ್‌ನಲ್ಲಿ ಸುರೇಶ್ ಭಾವನಾನಿ ಮತ್ತು ಬಾನಿ ಜಾನ್, ವರ್ಷಗಟ್ಟಲೆ ಕ್ಯಾಡ್ ಬಳಸಿದ ಅನುಭವಿಗಳು ಕೂಡ ದಕ್ಷ ತಂತ್ರಗಳಿಗೆ ತಾವಾಗಿ ಬರುವುದಿಲ್ಲವೆಂದು ತೋರಿಸಿದರು. ಒಂದನ್ನು ಪೂರ್ತಿ ಬರೆದು ನಕಲು ಮಾಡುವ ಬದಲು ಎಲ್ಲವನ್ನೂ ಒಂದೊಂದಾಗಿ ಬರೆಯುವ ಅಭ್ಯಾಸ ಅನುಭವದಿಂದ ಕಳಚುವುದಿಲ್ಲ, ಹೇಳಿಕೊಟ್ಟರೆ ಕಳಚುತ್ತದೆ. ಫ್ಲ್ಯಾಂಜ್ ಒಂದಕ್ಕೆ ಆರು ಬೋಲ್ಟಿನ ತೂತುಗಳನ್ನು ಆರು ವೃತ್ತಗಳಾಗಿ ಬರೆದವರಿಗೆ ಎಂಟು ತೂತು ಕೇಳಿದಾಗ ಗೊತ್ತಾಗುವ ವಿಷಯ ಇದು. ಕೆಲಸ ಮಾಡುತ್ತ ತಾನೇ ಬರುತ್ತದೆ ಎಂಬ ನಮ್ಮ ಅಧ್ಯಾಪಕರ ಸಮಾಧಾನಕ್ಕೆ ಆಧಾರ ಕಡಿಮೆ.

ಇನ್ನು ಈ ವಾದಕ್ಕೆ ಬರುವ ಮೊದಲ ಆಕ್ಷೇಪ. ಘನಾಕೃತಿಯನ್ನು ಮನಸ್ಸಿನಲ್ಲಿ ತಿರುಗಿಸಿ ನೋಡಲಾಗದ ಹದಿನೇಳು ಹದಿನೆಂಟರ ಹುಡುಗ ಹುಡುಗಿಯರಿಗೆ ಸಂಬಂಧ, ಕ್ರಮ, ಆಧಾರ ಎಂದೆಲ್ಲ ಹೇಳಿ ಹೆದರಿಸುವುದೇಕೆ, ಮೊದಲು ಆಕಾರ ಬರಲಿ ಎನ್ನುತ್ತಾರೆ. ಆಕಾರದ ಗ್ರಹಿಕೆ ಮುಖ್ಯ ಎಂಬುದರಲ್ಲಿ ಎರಡು ಮಾತಿಲ್ಲ. ಅದು ಹುಟ್ಟಿನಿಂದ ಬರುವ ವರವಲ್ಲ ಎಂಬುದೂ ಸಾಬೀತಾಗಿದೆ: ಡೇವಿಡ್ ಅಟಲ್ ಮತ್ತು ಸಂಗಡಿಗರು 2013ರಲ್ಲಿ 217 ಅಧ್ಯಯನಗಳನ್ನು ಒಟ್ಟುಗೂಡಿಸಿ, ತರಬೇತಿಯಿಂದ ಈ ಸಾಮರ್ಥ್ಯ ಸರಾಸರಿ ಅರ್ಧ ಪ್ರಮಾಣ ವಿಚಲನದಷ್ಟು ಏರುತ್ತದೆಂದು ಕಂಡರು. ಮಿಶಿಗನ್ ಟೆಕ್‌ನಲ್ಲಿ ಶೆರಿಲ್ ಸಾರ್ಬಿ 1993ರಿಂದ ನಡೆಸಿದ ಕೋರ್ಸಿನಲ್ಲಿ ಹಿಂದುಳಿದ ವಿದ್ಯಾರ್ಥಿಗಳು ಪೆನ್ಸಿಲಿನಲ್ಲಿ ಸ್ಕೆಚ್ ಮಾಡುವುದೂ ಸೇರಿದ ಅಭ್ಯಾಸಗಳಿಂದ ಚೇತರಿಸಿಕೊಂಡರು, ಹೆಣ್ಣುಮಕ್ಕಳಿಗೆ ಅದು ವಿಶೇಷವಾಗಿ ಒದಗಿತು. ಹಾಗಾಗಿ ಕೈಯಲ್ಲಿ ಬರೆಯುವುದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ನಮ್ಮಲ್ಲಿ ಪಾಠದ ತೂಕ ಎಲ್ಲಿ ಬಿದ್ದಿದೆ ನೋಡಿ. ವಿಟಿಯುವಿನ ಮೊದಲ ವರ್ಷದ ಕಂಪ್ಯೂಟರ್ ಏಡೆಡ್ ಇಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ಬಿಂದು, ರೇಖೆ, ಸಮತಲ, ಘನಗಳ ಪ್ರೊಜೆಕ್ಷನ್‌ಗೆ ದೊಡ್ಡ ಪಾಲು. ಪಂಚಭುಜದ ಪಿರಮಿಡ್ ಎಚ್‌ಪಿಯ (ಅಡ್ಡ ಸಮತಲದ) ಮೇಲೆ ಒಂದೇ ಮೂಲೆ ಊರಿ, ಅಕ್ಷವನ್ನು ವಿಪಿಗೆ (ಲಂಬ ಸಮತಲಕ್ಕೆ) ಇಷ್ಟು ಡಿಗ್ರಿ ಓರೆಯಾಗಿಸಿ ನಿಂತಿರುವ ಲೆಕ್ಕವನ್ನು ಬಿಡಿಸದ ಇಂಜಿನಿಯರ್ ಈ ರಾಜ್ಯದಲ್ಲಿ ಸಿಗಲಿಕ್ಕಿಲ್ಲ. ಅದು ಮಾಂಜ್‌ನ ಗಣಿತವನ್ನು ಮೌಸಿನಿಂದ ಮಾಡಿಸುವ ಕೆಲಸ. ಗ್ರಹಿಕೆಗೆ ಅದು ಒಳ್ಳೆಯ ಕಸರತ್ತು, ಆದರೆ ಸಾಫ್ಟ್‌ವೇರ್ ಏಕೆ ಬಂತೆಂಬುದರ ಸುಳಿವು ಅದರಲ್ಲಿಲ್ಲ. ಮೇಲಿನ ಪ್ಲಮ್ಮರ್ ಬ್ಲಾಕಿನ ಉದಾಹರಣೆಯಲ್ಲಿ ಪಿರಮಿಡ್ಡಿನಷ್ಟು ಕಷ್ಟದ ಗ್ರಹಿಕೆ ಬೇಕಿಲ್ಲ. ಮೊದಲ ವಾರದಲ್ಲೇ ಅದನ್ನು ಕಲಿಸಬಹುದು. ಸಂಬಂಧದ ಪಾಠ ಆಕಾರದ ಪಾಠಕ್ಕಿಂತ ಕಠಿಣ ಎಂಬುದು ಕಲಿಸದೇ ಕಟ್ಟಿಕೊಂಡ ನಂಬಿಕೆ.

ಎರಡನೆಯ ಆಕ್ಷೇಪ ತಿಳಿದವರದು, ಹೆಚ್ಚು ಗಟ್ಟಿಯಾದದ್ದು. ಹೆಜ್ಜೆಗಳ ಇತಿಹಾಸವೇ ಇಲ್ಲದೆ ಮುಖವನ್ನು ನೇರವಾಗಿ ಎಳೆದು ತಳ್ಳಿ ತಿದ್ದುವ ಡೈರೆಕ್ಟ್ ಮಾಡೆಲಿಂಗ್ ಬಂದಿದೆಯಲ್ಲ, ಟ್ರೀಯ ಶಿಸ್ತು ಹಳೆಯದಾಯಿತಲ್ಲ ಎಂದು ಅವರು ಕೇಳುತ್ತಾರೆ. 2007ರಲ್ಲಿ ಸ್ಪೇಸ್‌ಕ್ಲೇಮ್, 2008ರಲ್ಲಿ ಸೀಮೆನ್ಸ್‌ನ ಸಿಂಕ್ರೊನಸ್ ಟೆಕ್ನಾಲಜಿ ಈ ದಾರಿ ಹಿಡಿದವು. ನಮ್ಮ ಕಾಲೇಜುಗಳಿಗೆ ಪರಿಚಿತವಾದ ಸಾಲಿಡ್ ಎಡ್ಜ್‌ನಲ್ಲಿ ಎರಡನೆಯದು ಇದ್ದೇ ಇದೆ. ಬೇರೆ ಕಂಪನಿಯಿಂದ ಸ್ಟೆಪ್ ಫೈಲಾಗಿ ಬಂದ ಮಾದರಿಯಲ್ಲಿ ಇತಿಹಾಸ ಉಳಿದಿರುವುದಿಲ್ಲ, ಅದನ್ನು ತಿದ್ದಲು ಈ ದಾರಿಯೇ ವಾಸಿ. ಪೀಣ್ಯ, ಬೆಳಗಾವಿಗಳಲ್ಲಿ ಗಿರಾಕಿಯ ಫೈಲ್ ಹಿಡಿದು ಜಾಬ್ ವರ್ಕ್ ಮಾಡುವವರಿಗೆ ಇದರ ಉಪಯೋಗ ದೊಡ್ಡದು, ಪಾಠದಲ್ಲಿ ಇದಕ್ಕೆ ಜಾಗ ಸಿಗಲೇಬೇಕು. ಆದರೆ ಇದು ನನ್ನ ವಾದವನ್ನು ಕೆಡವುವುದಿಲ್ಲ. ಸಿಂಕ್ರೊನಸ್‌ನಲ್ಲಿ ಒಂದು ಮುಖ ಎಳೆದಾಗ ಅದಕ್ಕೆ ಸಮತಲದಲ್ಲಿರುವ, ಏಕಕೇಂದ್ರವಾಗಿರುವ, ಸಮ್ಮಿತಿಯಲ್ಲಿರುವ ಮುಖಗಳೂ ಜೊತೆಗೆ ಬರಲೇ ಎಂದು ಸಾಫ್ಟ್‌ವೇರ್ ಊಹಿಸಿ ಮುಂದಿಡುತ್ತದೆ. ಯಾವುದು ಬರಬೇಕು, ಯಾವುದು ನಿಲ್ಲಬೇಕು ಎಂಬ ತೀರ್ಮಾನ ಎಳೆಯುವವರದು. ಮೊದಲೇ ಬರೆದಿಡುತ್ತಿದ್ದ ಸಂಬಂಧವನ್ನು ಇಲ್ಲಿ ಪ್ರತಿ ಎಳೆತದಲ್ಲೂ ಆರಿಸಬೇಕು. ಬದಲಾದಾಗ ಏನು ಉಳಿಯಬೇಕೆಂಬ ಪ್ರಶ್ನೆಗೆ ಉತ್ತರವಿಲ್ಲದವರ ಕೈಗೆ ಇದು ಟ್ರೀಗಿಂತ ಅಪಾಯಕಾರಿ, ಏಕೆಂದರೆ ಇಲ್ಲಿ ಕೆಂಪು ಗುರುತೂ ಮೂಡುವುದಿಲ್ಲ.

ಮೂರನೆಯ ಆಕ್ಷೇಪ ನೌಕರಿಯದು. ಕೆಲಸ ಕೊಡುವವರು ಕೇಳುವುದು ವೇಗವನ್ನು, ನಿರ್ದಿಷ್ಟ ಸಾಫ್ಟ್‌ವೇರಿನ ಪರಿಚಯವನ್ನು. ಕಾಲೇಜು ತತ್ವ ಕಲಿಸುತ್ತ ಕೂತರೆ ಹುಡುಗರಿಗೆ ಕೆಲಸ ಹೇಗೆ ಸಿಗಬೇಕು ಎಂಬ ಮಾತೂ ಇದೆ. ಜಾಹೀರಾತುಗಳಲ್ಲಿ ಸಾಫ್ಟ್‌ವೇರಿನ ಹೆಸರಿರುವುದು ನಿಜ. ಆದರೆ ಬೆಂಗಳೂರಿನ ವಾಹನ, ವಿಮಾನ ವಿನ್ಯಾಸ ಕೇಂದ್ರಗಳಲ್ಲಾಗಲಿ ಬೆಳಗಾವಿ ಜಿಲ್ಲೆಯ ಹತ್ತರಗಿಯ ವೈಮಾಂತರಿಕ್ಷ ಎಸ್‌ಇಜೆಡ್‌ನಲ್ಲಾಗಲಿ ಹೊಸಬರ ಮುಂದೆ ಮೊದಲು ಬರುವುದು ಖಾಲಿ ತೆರೆಯಲ್ಲ. ಬೇರೆಯವರು ಕಟ್ಟಿದ, ರಿವಿಷನ್ ಸಿ ದಾಟಿ ಡಿಗೆ ಹೋಗಬೇಕಾದ ಮಾದರಿ. ಅಲ್ಲಿ ವೇಗವೆಂದರೆ ಆ ಟ್ರೀಯನ್ನು ಓದಿ, ಎಲ್ಲಿ ಕೈಹಾಕಿದರೆ ಏನು ಮುರಿಯುತ್ತದೆ ಎಂದು ತಿಳಿಯುವ ವೇಗ. ಐಕಾನಿನ ಜಾಗ ಹುಡುಕುವುದು ಕೆಲವು ದಿನದ ಮಾತು. ಸಾಫ್ಟ್‌ವೇರಿನ ಬೆಲೆ ಕಟ್ಟಲಾಗದ ಪಾಲಿಟೆಕ್ನಿಕ್ಕುಗಳು ಫ್ರೀಕ್ಯಾಡ್‌ನಲ್ಲೇ ಧೈರ್ಯವಾಗಿ ಕಲಿಸಬಹುದು ಎಂದು ನನಗನ್ನಿಸುವುದೂ ಇದರಿಂದಲೇ. ಅದರ ಒಳಗಿನ ಓಪನ್ ಕ್ಯಾಸ್ಕೇಡ್ ಕರ್ನಲ್ ಪ್ಯಾರಾಸಾಲಿಡ್‌ನಷ್ಟು ಗಟ್ಟಿಯಲ್ಲ, ಕ್ಲಿಷ್ಟ ಫಿಲೆಟ್ಟುಗಳಲ್ಲಿ ಕೈಕೊಡುತ್ತದೆ. ಮೂಲ ಪಾಠಕ್ಕೆ ಆ ಕೊರತೆ ಅಡ್ಡಿಯಲ್ಲ.

ಕೃತಕ ಬುದ್ಧಿಮತ್ತೆಯ ಮಾತನ್ನು ಎತ್ತದೆ ಈಗ ಯಾವ ಸಮೀಕ್ಷೆಯೂ ಮುಗಿಯುವಂತಿಲ್ಲ. ವಿವರಣೆ ಬರೆದರೆ ಓಪನ್‌ಎಸ್‌ಕ್ಯಾಡ್‌ನಂಥ ಸಂಕೇತಭಾಷೆಯಲ್ಲಿ ಮಾದರಿ ಬರೆದುಕೊಡುವ ಪ್ರೋಗ್ರಾಂಗಳು ಬಂದಿವೆ, ಮುಂದೆ ಇನ್ನೂ ಚೆನ್ನಾಗಿ ಬರೆಯಬಹುದು. ಆಕೃತಿ ಮೂಡಿಸುವುದಷ್ಟೇ ವಿದ್ಯೆಯಾಗಿದ್ದರೆ ಆ ವಿದ್ಯೆಗೆ ಇನ್ನು ಬೆಲೆಯಿಲ್ಲ, ಅದನ್ನು ಒಪ್ಪಬೇಕು. ಡಬ್ಬಿಯ ಮೂಲೆಯಲ್ಲಿ 0.76 ಮಿ.ಮೀ. ಉಳಿದಿದೆ ಎಂದು ಹಿಡಿಯುವವರು ಮಾತ್ರ ಆಗಲೂ ಬೇಕಾಗುತ್ತಾರೆ.

ಹೀಗಿರುವಾಗ ಮಾಡಬೇಕಾದದ್ದು ಪಠ್ಯಕ್ರಮದ ದೊಡ್ಡ ಕ್ರಾಂತಿಯೇನಲ್ಲ, ಹೊಸ ಲ್ಯಾಬೂ ಬೇಡ. ಪ್ರಾಯೋಗಿಕ ಪರೀಕ್ಷೆಯ ಕೊನೆಯ ಹತ್ತು ನಿಮಿಷ ಸಾಕು. ವಿದ್ಯಾರ್ಥಿಗಳು ಪ್ಲಮ್ಮರ್ ಬ್ಲಾಕ್ ಕಟ್ಟಿ ಮುಗಿಸಿದ ಮೇಲೆ ಪರೀಕ್ಷಕರು ಒಂದು ಚೀಟಿ ಕೊಡಲಿ: ಶಾಫ್ಟಿನ ವ್ಯಾಸ 50ರಿಂದ 60 ಮಿ.ಮೀ. ಆಗಿದೆ. ಬ್ರಾಸ್‌ಗಳ ಒಳ-ಹೊರ ವ್ಯಾಸ, ಬಾಡಿ ಮತ್ತು ಕ್ಯಾಪಿನ ಬೋರ್, ಬೋಲ್ಟುಗಳ ನಡುವಿನ ಅಂತರ, ಇಷ್ಟೂ ಹಿಂಬಾಲಿಸಿ ಬಂದವೇ ಎಂದು ನೋಡಿ ಅರ್ಧ ಅಂಕವನ್ನು ಅದಕ್ಕೆ ಇಡಲಿ. ಪರೀಕ್ಷೆ ಬದಲಾದರೆ ನಮ್ಮಲ್ಲಿ ಪಾಠ ತಾನಾಗಿ ಬದಲಾಗುತ್ತದೆ ಎಂಬುದನ್ನು ಅಧ್ಯಾಪಕರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿಯವರೆಗೆ, ಮನೆಯಲ್ಲಿ ಫ್ರೀಕ್ಯಾಡ್ ಇಳಿಸಿಕೊಂಡು ಕಲಿಯುತ್ತಿರುವವರು ಯಾವ ಮಾದರಿಯನ್ನೂ ಮುಗಿಯಿತೆಂದು ಮುಚ್ಚುವ ಮುನ್ನ ಅದರ ಮೊದಲ ಸ್ಕೆಚ್ ತೆರೆದು ಒಂದು ಅಳತೆಯನ್ನು ದುಪ್ಪಟ್ಟು ಮಾಡಿ ನೋಡಿ.